ಬ್ರಿಜ್ ಮೇಜಿನ ಪ್ರಮಾದಗಳು

ಮನುಷ್ಯನ ಮಾತಿಗೆ ಅಂಟಿಕೊಳ್ಳುವ ದೋಷಗಳು ನಾಲ್ಕೆಂದು ನಮ್ಮ ಶಾಸ್ತ್ರಕಾರರು ಎಣಿಸಿರುವರು: ಭ್ರಮ, ಪ್ರಮಾದ, ವಿಪ್ರಲಿಪ್ಸೆ, ಕರಣಾಪಾಟವ. ಒಂದನ್ನು ಮತ್ತೊಂದೆಂದು ತಿಳಿಯುವುದು ಭ್ರಮ. ಮನಸ್ಸು ಎಲ್ಲಿಯೋ ಇದ್ದು ಕೈತಪ್ಪುವುದು ಪ್ರಮಾದ. ವಂಚಿಸಬೇಕೆಂಬ ಬಯಕೆ ವಿಪ್ರಲಿಪ್ಸೆ. ಕಣ್ಣು ಕಿವಿಗಳ ಅಸಾಮರ್ಥ್ಯ ಕರಣಾಪಾಟವ. ಆಪ್ತವಾಕ್ಯವೆಂದರೆ ಯಾವುದೆಂಬುದನ್ನು ನಿರ್ಣಯಿಸುವ ಸಲುವಾಗಿ ಹುಟ್ಟಿದ ಈ ವಿಭಾಗವು ಇಸ್ಪೀಟಿನ ಮೇಜಿಗೆ ಇಷ್ಟು ಚೆನ್ನಾಗಿ ಒಪ್ಪುವುದೆಂದು ಆ ಮಹನೀಯರಿಗೆ ತಿಳಿದಿದ್ದರೆ ಅವರು ನಗುತ್ತಿದ್ದರೋ ಮುನಿಯುತ್ತಿದ್ದರೋ ಹೇಳಲಾರೆ. ಅಂತೂ ಬ್ರಿಜ್ ಎಂಬ ಆಟದ ಚರಿತ್ರೆಯನ್ನು ಬರೆಯ ಹೊರಟವನಿಗೆ ಗೆದ್ದವರ ಚಾತುರ್ಯಕ್ಕಿಂತ ಸೋತವರ ಪ್ರಮಾದಗಳೂ, ಅದಕ್ಕಿಂತ ಹೆಚ್ಚಾಗಿ ಆ ಹೊತ್ತಿನಲ್ಲಿ ಅವರ ಬಾಯಿಂದ ಜಾರಿದ ಮಾತುಗಳೂ ಸಾಮಗ್ರಿಯನ್ನು ಒದಗಿಸುತ್ತವೆ. ಅಂಥವುಗಳಲ್ಲಿ ಕೆಲವನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ. ಯಾವುದು ನಡೆದದ್ದು, ಯಾವುದು ಕಟ್ಟಿದ್ದು ಎಂಬ ವಿವೇಚನೆಯನ್ನು ಮಾತ್ರ ಬಿಡುವಂತಿಲ್ಲ. ಅದನ್ನು ಬಿಟ್ಟರೆ ಏನಾಗುವುದೆಂಬುದಕ್ಕೆ ಈ ಆಟದ ಚರಿತ್ರೆಯಲ್ಲಿಯೇ ಒಂದು ದಾರುಣವಾದ ನಿದರ್ಶನವುಂಟು.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ನಾಲ್ವರು ಆಡುತ್ತಾರೆ, ಎದುರುಬದುರಾಗಿ ಕುಳಿತವರು ಜೊತೆಗಾರರು. ಐವತ್ತೆರಡು ಎಲೆಗಳನ್ನು ತಲೆಗೆ ಹದಿಮೂರರಂತೆ ಹಂಚುತ್ತಾರೆ. ಮೊದಲು ಕೂಗು, ಅಂದರೆ ಇಷ್ಟು ಟ್ರಿಕ್ಕುಗಳನ್ನು ಈ ಜಾತಿಯನ್ನು ತುರುಪು ಮಾಡಿಕೊಂಡು ಗೆಲ್ಲುತ್ತೇವೆಂಬ ಪಂಥ. ಕೂಗು ಗೆದ್ದವನು ಆಡುತ್ತಾನೆ. ಅವನ ಜೊತೆಗಾರ ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟು ಡಮ್ಮಿಯಾಗಿ, ಅಂದರೆ ಮೂಕನಾಗಿ, ಸುಮ್ಮನೆ ಕೂಡುತ್ತಾನೆ. ಈ ಸುಮ್ಮನೆ ಕೂಡುವುದರಲ್ಲಿಯೇ ಸರ್ವಾನರ್ಥಗಳ ಬೀಜವಿದೆ. ಪಗಡೆಯಲ್ಲಿ ಸೋತ ಧರ್ಮರಾಯನಿಗೆ ದೂರಲು ತನ್ನ ಕೈಯೋ ಶಕುನಿಯ ದಾಳವೋ ಇದ್ದುವಲ್ಲದೆ, ಎದುರಿಗೆ ಕುಳಿತು ತನ್ನ ತಪ್ಪನ್ನೆಲ್ಲ ನೋಡುತ್ತಿರುವ ಜೊತೆಗಾರನೊಬ್ಬನಿರಲಿಲ್ಲ. ಬ್ರಿಜ್ಜಿನಲ್ಲಿ ಅವನಿದ್ದಾನೆ. ಸೋಲು ಇಬ್ಬರದು, ತಪ್ಪು ಮಾತ್ರ ಯಾವಾಗಲೂ ಎದುರಿನವನದು.

ನಮ್ಮ ನಾಡಿಗೆ ಎಲೆಯಾಟ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರವರು ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ದೇವತೆಗಳ ಚಿತ್ರಗಳುಳ್ಳ ‘ಚದ’ದ ಆಟಗಳನ್ನು ವಿವರಿಸಿದ್ದಾರೆ. ಯುರೋಪಿನ ಕಟ್ಟು ಬಂದದ್ದು ಸಮುದ್ರದ ದಾರಿಯಿಂದ. ನಾವು ಇಂದಿಗೂ ಆಡುವ ‘ಕಳಾವರ್’ ಡಚ್ಚರ ‘ಕ್ಲಾವರ್’ ಎಂಬುದರಿಂದಲೂ, ‘ಆಟೀನ್’ ಅವರ ‘ಹಾರ್ಟನ್’ ಎಂಬುದರಿಂದಲೂ ಬಂದಂತೆ ತೋರುತ್ತದೆ. ಕರಾವಳಿಯ ವರ್ತಕರು ಮೆಣಸನ್ನು ಕೊಟ್ಟು ಈ ಮಾತುಗಳನ್ನು ತೆಗೆದುಕೊಂಡರೆಂದರೆ ವ್ಯಾಪಾರದಲ್ಲಿ ಯಾರು ಸೋತರೋ ವಾಚಕರೇ ನಿರ್ಣಯಿಸಲಿ. ಇದು ಪ್ರಾಸಂಗಿಕ, ಪ್ರಕೃತವನ್ನು ನೋಡೋಣ.

ಬ್ರಿಜ್ಜಿನ ತಾಯಿ ವ್ಹಿಸ್ಟ್. ಇಂಗ್ಲೆಂಡಿನಲ್ಲಿ ಮೊದಲು ಇದಕ್ಕೆ ವ್ಹಿಸ್ಕ್ ಎಂಬ ಹೆಸರಿತ್ತು. ಆಮೇಲೆ ವ್ಹಿಸ್ಟ್ ಎಂದಾಗಿ, ‘ಸದ್ದುಮಾಡಬೇಡ’ ಎಂಬ ಅರ್ಥವನ್ನು ಜನ ಅದಕ್ಕೆ ಅಂಟಿಸಿದರು. 1742ರಲ್ಲಿ ಎಡ್ಮಂಡ್ ಹಾಯ್ಲ್ ಎಂಬಾತನು ಈ ಆಟಕ್ಕೆ ಒಂದು ಲಕ್ಷಣಗ್ರಂಥವನ್ನೇ ಬರೆದನು. ವ್ಯಾಕರಣಕ್ಕೆ ಪಾಣಿನಿಯಂತೆ ಎಲೆಯಾಟಕ್ಕೆ ಹಾಯ್ಲ್ ಎಂದು ಅಲ್ಲಿಯವರು ತಿಳಿಯುವರು. ಮೌನವೇ ಹೆಸರಾದ ಈ ಆಟದ ಸುತ್ತ ಹುಟ್ಟಿದಷ್ಟು ಮಾತು ಬೇರಾವ ಆಟದ ಸುತ್ತಲೂ ಹುಟ್ಟಲಿಲ್ಲವೆಂಬುದು ವಿಧಿಯ ವಿಲಾಸ.

ಆ ಕಾಲದ ಮಾತುಗಳಿಗೆ ಸಾಹಿತ್ಯವೇ ಸಾಕ್ಷಿ. ಜೇನ್ ಆಸ್ಟಿನ್ ಅವರ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿ 1813ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಾಲಿನ್ಸ್ ಎಂಬ ಪಾದ್ರಿಯೊಬ್ಬನಿದ್ದಾನೆ. ನೆರೆಯ ಗೃಹಿಣಿಯೊಬ್ಬಳ ಮನೆಯಲ್ಲಿ ಅವನು ಆಕೆಯ ಸಂತೋಷಕ್ಕಾಗಿ ವ್ಹಿಸ್ಟ್ ಮೇಜಿಗೆ ಕೂಡುತ್ತಾನೆ. ಆಟ ತನಗೆ ಅಷ್ಟಾಗಿ ಬಾರದೆಂದೂ, ಆದರೆ ಕಲಿಯಲು ಸಂತೋಷವೆಂದೂ, ಏಕೆಂದರೆ ತನ್ನಂಥ ಸ್ಥಾನದಲ್ಲಿರುವವನಿಗೆ ಎಂದೂ ಅವನು ಆರಂಭಿಸುತ್ತಾನೆ. ಆ ಕಾರಣವನ್ನು ಕೇಳುವಷ್ಟು ವ್ಯವಧಾನ ಆಕೆಗಿರಲಿಲ್ಲ. ಆಮೇಲೆ ಅವನು ಒಂದೊಂದು ಪಾಯಿಂಟನ್ನೂ ಬಿಡದೆ ಸೋಲುತ್ತಾನೆ. ಆಕೆ ಕನಿಕರ ತೋರಲಾಗಿ, ಐದು ಷಿಲಿಂಗು ತನಗೆ ಒಂದು ಲೆಕ್ಕವಲ್ಲವೆಂದು ಗಂಭೀರವಾಗಿ ಸಮಾಧಾನ ಹೇಳುತ್ತಾನೆ. ಮನೆಗೆ ಹೋಗುವ ಗಾಡಿಯಲ್ಲಿ ದಾರಿಯುದ್ದಕ್ಕೂ ತನಗೆ ಸೋಲಿನ ಚಿಂತೆ ಎಳ್ಳಷ್ಟೂ ಇಲ್ಲವೆಂದು ಹೇಳುತ್ತಲೇ ಇರುತ್ತಾನೆ. ಚಿಂತೆಯಿಲ್ಲದವನು ಅದನ್ನು ಅಷ್ಟು ಸಲ ಹೇಳುವನೇ? ಈ ಪಾದ್ರಿಯ ವಂಶವು ಇನ್ನೂ ನಿಂತಿಲ್ಲ. ಊರೂರಿನ ಕ್ಲಬ್ಬುಗಳಲ್ಲಿ ಇಂದಿಗೂ ಕಾಣಸಿಗುತ್ತದೆ.

ಇದಕ್ಕೆ ಎದುರು ಧ್ರುವದಲ್ಲಿ ನಿಂತವಳು ಚಾರ್ಲ್ಸ್ ಲ್ಯಾಮ್ ಅವರ ಮಿಸೆಸ್ ಬ್ಯಾಟಲ್. 1821ರಲ್ಲಿ ಬಂದ ಆ ಪ್ರಬಂಧದ ಮುದುಕಿಗೆ ವ್ಹಿಸ್ಟ್ ಎಂದರೆ ವಿನೋದವಲ್ಲ, ಅನುಷ್ಠಾನ. ಸುಮ್ಮನೆ ಒಂದು ಕೈ ಹಾಕಲು ಅಡ್ಡಿಯಿಲ್ಲವೆನ್ನುವವರನ್ನೂ, ಗೆದ್ದರೂ ಸೋತರೂ ಒಂದೇ ಎನ್ನುವವರನ್ನೂ, ತಪ್ಪಾಗಿ ಹಾಕಿದ ಎಲೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆನ್ನುವವರನ್ನೂ ಆಕೆ ಕಂಡರೆ ಸಹಿಸಳು. ಒಮ್ಮೆ ಸಾಹಿತ್ಯಾಸಕ್ತನಾದ ಒಬ್ಬ ತರುಣನನ್ನು ಬಲವಂತಮಾಡಿ ಆಟಕ್ಕೆ ಕೂರಿಸಿದರಂತೆ. ಘನವಾದ ವ್ಯಾಸಂಗದ ನಡುವೆ ಇಂಥ ಆಟಗಳಿಂದ ಮನಸ್ಸನ್ನು ಸಡಿಲಗೊಳಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲವೆಂದು ಅವನು ಔದಾರ್ಯದಿಂದ ನುಡಿದನು. ಆತನ ಉದ್ದೇಶ ಆಕೆಯನ್ನು ಮೆಚ್ಚಿಸುವುದು. ಆದರೆ ಆಟವೇ ಆಕೆಯ ಜೀವಿತಕಾರ್ಯ. ಸಡಿಲಗೊಳ್ಳಬೇಕಾದಾಗ ಆಕೆ ಕೈಗೆತ್ತಿಕೊಳ್ಳುತ್ತಿದ್ದುದು ಪುಸ್ತಕವನ್ನು. ಪರೀಕ್ಷೆಗೆ ಓದುವ ಹುಡುಗರ ತಂದೆತಾಯಿಗಳು ಈ ಪ್ರಬಂಧವನ್ನು ಮನೆಯಲ್ಲಿ ಮುಚ್ಚಿಡುವುದು ಲೇಸು.

ಇನ್ನು ಅಜ್ಞಾನವು ಹಣವಾಗುವ ಬಗೆ. ಇಂಗ್ಲೆಂಡಿನ ಯಾರ್‌ಬರೋ ಪ್ರಭುವೊಬ್ಬನು ವ್ಹಿಸ್ಟ್ ಆಡುವವರೊಡನೆ ಒಂದು ಬಾಜಿ ಕಟ್ಟುತ್ತಿದ್ದನೆಂದು ಪ್ರಸಿದ್ಧಿ. ಒಂಬತ್ತಕ್ಕಿಂತ ಮೇಲಿನ ಎಲೆ ಒಂದೂ ಇಲ್ಲದ ಕೈ ಯಾರಿಗೆ ಬರುವುದೋ ಅವರಿಗೆ ಸಾವಿರ ಪೌಂಡು. ಬಾರದಿದ್ದರೆ ಅವರು ಪ್ರಭುವಿಗೆ ಒಂದು ಪೌಂಡು. ಕೇಳಿದವರು ಒಂದಕ್ಕೆ ಸಾವಿರವೆಂದು ಹಿಗ್ಗಿದರು. ಗಣಿತವನ್ನು ಬಲ್ಲವರು ಲೆಕ್ಕವನ್ನು ನೋಡಬೇಕು. ಐವತ್ತೆರಡು ಎಲೆಗಳಲ್ಲಿ ಹದಿಮೂರನ್ನು ಆಯುವ ಬಗೆಗಳು 635,013,559,600. ಒಂಬತ್ತು ಮತ್ತು ಅದಕ್ಕಿಂತ ಕೆಳಗಿನ ಮೂವತ್ತೆರಡು ಎಲೆಗಳಲ್ಲಿ ಹದಿಮೂರನ್ನು ಆಯುವ ಬಗೆಗಳು 347,373,600. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1828. ಎಂದರೆ ಪ್ರಭುವು 1828 ಸಲ ಬಾಜಿ ಕಟ್ಟಿದರೆ ಸರಾಸರಿ ಒಂದು ಸಲ ಸಾವಿರ ಕೊಟ್ಟು 1827 ಪೌಂಡು ವಸೂಲುಮಾಡುವನು. ಅಂಥ ದರಿದ್ರ ಕೈಗೆ ಇಂದಿಗೂ ಯಾರ್‌ಬರೋ ಎಂದೇ ಹೆಸರು. ದರಿದ್ರವಾದ ಕೈಗೆ ಶ್ರೀಮಂತನ ಹೆಸರು ಬಂದದ್ದು ಹೀಗೆ.

ಇದಕ್ಕೆ ವಿಲೋಮವಾದ ಭ್ರಮೆಯೊಂದುಂಟು. ಕೆಲವು ವರ್ಷಗಳಿಗೊಮ್ಮೆ ವೃತ್ತಪತ್ರಿಕೆಗಳಲ್ಲಿ, ನಾಲ್ವರು ಆಟಗಾರರಿಗೂ ಒಂದೊಂದು ಜಾತಿಯ ಹದಿಮೂರು ಎಲೆಗಳೂ ಪೂರ್ತಿಯಾಗಿ ಬಂದುವೆಂಬ ಸುದ್ದಿ ಅಚ್ಚಾಗುತ್ತದೆ. 1998ರಲ್ಲಿ ಇಂಗ್ಲೆಂಡಿನ ಸಫೋಕ್ ಪ್ರಾಂತದ ಬಕಲ್‌ಷಾಮ್ ಎಂಬ ಹಳ್ಳಿಯಿಂದ ಅಂಥದೊಂದು ವಾರ್ತೆ ಬಂದು ಲೋಕವೆಲ್ಲ ಸುತ್ತಿತು. ಶುದ್ಧ ಯದೃಚ್ಛೆಯಿಂದ ಹಾಗಾಗುವ ಸಂಭವವನ್ನು ಲೆಕ್ಕ ಮಾಡಿದರೆ ಇಪ್ಪತ್ತೆಂಟು ಅಂಕೆಗಳ ಸಂಖ್ಯೆಯಲ್ಲಿ ಒಂದು ಸಲ. ಹಾಗಾದರೆ ಇದು ಇಷ್ಟು ಬಾರಿ ಕಾಣಿಸಿಕೊಳ್ಳುವುದೇಕೆ? ಹೊಸ ಕಟ್ಟಿನಲ್ಲಿ ಎಲೆಗಳು ಜಾತಿಜಾತಿಯಾಗಿ ಜೋಡಿಸಿರುತ್ತವೆ. ಅದನ್ನು ಸರಿಯಾಗಿ ಎರಡು ಪಾಲುಮಾಡಿ ಒಂದರೊಳಗೊಂದು ಎಲೆ ಬರುವಂತೆ ಕಲಸಿ, ಅದೇ ಕ್ರಮವನ್ನು ಇನ್ನೊಮ್ಮೆ ಮಾಡಿದರೆ, ಪ್ರತಿ ನಾಲ್ಕನೆಯ ಎಲೆಯೂ ಒಂದೇ ಜಾತಿಯದಾಗಿ ನಿಲ್ಲುತ್ತದೆ, ಹಂಚಿದಾಗ ಪವಾಡವಾಗುತ್ತದೆ. ಕೆಲವೊಮ್ಮೆ ಇದಕ್ಕೂ ಅಷ್ಟು ಶ್ರಮವಿಲ್ಲ, ಮೇಜಿನಿಂದ ಎದ್ದುಹೋದ ಗೆಳೆಯನೊಬ್ಬನ ಚೇಷ್ಟೆ ಸಾಕು. ಚೆನ್ನಾಗಿ ಕಲಸಿದೆವೆಂದು ಪ್ರಮಾಣಮಾಡುವವರ ಮಾತಿನಲ್ಲಿ ವಿಪ್ರಲಿಪ್ಸೆಯಿಲ್ಲ, ಭ್ರಮವಿದೆ.

ವ್ಹಿಸ್ಟಿನಿಂದ ಬ್ರಿಜ್ ಹುಟ್ಟಿದ ಕ್ರಮವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1886ರಲ್ಲಿ ಲಂಡನ್ನಿನಲ್ಲಿ ‘ಬಿರಿಚ್ ಅಥವಾ ರಷ್ಯದ ವ್ಹಿಸ್ಟ್’ ಎಂಬ ಚಿಕ್ಕ ಪುಸ್ತಿಕೆ ಬಂದಿತು. ಬ್ರಿಜ್ ಎಂಬುದು ಆ ಬಿರಿಚ್‌ನ ಅಪಭ್ರಂಶವೆಂದು ತೋರುತ್ತದೆ, ಸೇತುವೆಗೂ ಇದಕ್ಕೂ ಸಂಬಂಧವಿಲ್ಲ. ಮುಂದಿನ ಶತಮಾನದ ಆದಿಯಲ್ಲಿ ಹರಾಜಿನ ಬ್ರಿಜ್ ಬಂದಿತು. ಈಗ ಎಲ್ಲೆಲ್ಲಿಯೂ ಆಡುವ ಕಾಂಟ್ರಾಕ್ಟ್ ಬ್ರಿಜ್ 1925ರಲ್ಲಿ ಹಡಗಿನ ಮೇಲೆ ಹುಟ್ಟಿತು.

ಆ ಜನನದ ಕಥೆ ಸ್ವಾರಸ್ಯವಾಗಿದೆ. ಅಮೆರಿಕದ ಧನಿಕ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ಮೂವರು ಗೆಳೆಯರೊಡನೆ ‘ಫಿನ್‌ಲೆಂಡ್’ ಎಂಬ ಹಡಗಿನಲ್ಲಿ ಲಾಸ್ ಏಂಜಲೀಸಿನಿಂದ ಪನಾಮಾ ಕಾಲುವೆಯ ಮಾರ್ಗವಾಗಿ ಹವಾನಾಕ್ಕೆ ಹೊರಟಿದ್ದರು. ಅವರು ಫ್ರೆಂಚರ ಪ್ಲಾಫೋನ್ ಎಂಬ ಆಟವನ್ನು ಆಡುತ್ತಿದ್ದಾಗ ಹಡಗಿನಲ್ಲಿದ್ದ ತರುಣಿಯೊಬ್ಬಳು ತಾನೂ ಸೇರಿಕೊಂಡಳು. ತಾನು ಚೀನಾದಲ್ಲಿ ಆಡಿದ್ದ ಆಟವೊಂದರಲ್ಲಿ ಹೀಗಿದೆ, ಹಾಗಿದೆ, ಇಲ್ಲಿಯೂ ಹಾಗೆಯೇ ಮಾಡಬೇಕು ಎಂದು ಆಕೆ ನಡೆಸಲಾಗದ ಸಲಹೆಗಳನ್ನು ಒಂದರ ಮೇಲೊಂದು ಕೊಡತೊಡಗಿದಳು. ವ್ಯಾಂಡರ್‌ಬಿಲ್ಟ್‌ಗೆ ಸಹನೆ ತಪ್ಪಿತು. ಮರುದಿನ ಹಡಗು ಕಾಲುವೆಯನ್ನು ದಾಟುತ್ತಿರುವಾಗ ಆತನು ಕುಳಿತು ಹೊಸ ಆಟದ ಅಂಕಪಟ್ಟಿಯನ್ನು ತಾನೇ ಬರೆದು ಮುಗಿಸಿದನು. ಅಲ್ಪಸ್ವಲ್ಪ ಭೇದದಿಂದ ಅದೇ ಪಟ್ಟಿ ದಶಕಗಳ ಕಾಲ ನಿಂತಿತು. ಆದರೆ ಒಂದು ಗೇಮನ್ನು ಗೆದ್ದು ಇನ್ನು ಮೇಲೆ ಸೋತರೆ ಹೆಚ್ಚು ದಂಡ ತೆರಬೇಕಾದ ಪಕ್ಷದ ಸ್ಥಿತಿಯನ್ನು ಸೂಚಿಸುವ ಪದವೊಂದು ಬೇಕಾಗಿತ್ತು. ಅದನ್ನು ಒದಗಿಸಿದವಳು ಆ ತರುಣಿಯೇ: ‘ವಲ್ನರಬಲ್’, ಅಂದರೆ ಗಾಯಕ್ಕೆ ತೆರೆದಿರುವವನು. ಈಗ ಪ್ರಪಂಚದಲ್ಲಿ ಎಲ್ಲೆಲ್ಲಿ ಬ್ರಿಜ್ ಆಡುವರೋ ಅಲ್ಲೆಲ್ಲ ಆ ಪದವಿದೆ. ಆಕೆಯ ಹೆಸರು ಮಾತ್ರ ಆ ನಾಲ್ವರಲ್ಲಿ ಒಬ್ಬರಿಗೂ ನೆನಪುಳಿಯಲಿಲ್ಲ. ಆಟಕ್ಕೆ ಆಕೆಯಿಂದ ಆದ ಉಪಕಾರಗಳು ಎರಡು, ಆ ಪದ ಒಂದು, ಆ ಕಿರುಕುಳ ಇನ್ನೊಂದು. ಎರಡನೆಯದೇ ದೊಡ್ಡದೆಂದು ನನ್ನ ಅಭಿಪ್ರಾಯ.

ಈಗ ಮೊದಲು ಸೂಚಿಸಿದ ದಾರುಣವಾದ ವಿಷಯ. ಇದನ್ನು ನಗುವಿನ ಕಥೆಗಳ ನಡುವೆ ಹೇಳುವುದು ಉಚಿತವೇ ಎಂದು ವಾಚಕರು ಕೇಳಬಹುದು. ಲೋಕವು ಇದನ್ನು ನಗುವಿನ ಕಥೆಯಾಗಿ ಮಾಡಿಕೊಂಡಿರುವುದರಿಂದಲೇ ಹೇಳಬೇಕಾಗಿದೆ.

1929ನೆಯ ಸೆಪ್ಟೆಂಬರ್ 29, ಭಾನುವಾರ. ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಜಾನ್ ಬೆನೆಟ್ ಎಂಬ ಸುಗಂಧದ್ರವ್ಯಗಳ ಮಾರಾಟಗಾರನೂ ಅವನ ಹೆಂಡತಿ ಮಿರ್ಟಲ್ ಎಂಬಾಕೆಯೂ ಅದೇ ಕಟ್ಟಡದ ನೆರೆಮನೆಯ ದಂಪತಿಗಳೊಡನೆ ರಾತ್ರಿ ಬ್ರಿಜ್ ಆಡುತ್ತಿದ್ದರು. ಗಂಡಹೆಂಡಿರು ಒಂದು ಪಕ್ಷ. ಬೆನೆಟ್ ಒಂದು ಇಸ್ಪೀಟು ಎಂದು ಕೂಗಿದನು; ಹೆಂಡತಿ ಅದನ್ನು ನಾಲ್ಕು ಇಸ್ಪೀಟಿಗೆ ಏರಿಸಿ ತನ್ನ ಎಲೆಗಳನ್ನು ಬಿಚ್ಚಿಟ್ಟಳು. ಗಂಡ ಪಂಥವನ್ನು ಪೂರೈಸಲಾರದೆ ಸೋತನು. ಆಕೆ ಅವನ ಆಟವನ್ನು ಹೀಯಾಳಿಸಿದಳು. ಅವನು ಆಕೆಯ ಕೆನ್ನೆಗೆ ಹಲವು ಬಾರಿ ಹೊಡೆದನು, ಈ ರಾತ್ರಿಯೇ ಮನೆ ಬಿಟ್ಟು ಹೊರಡುವೆನೆಂದನು. ಆಕೆ ತಾಯಿಯ ಕೋಣೆಗೆ ಹೋಗಿ ಪಿಸ್ತೂಲನ್ನು ತಂದಳು. ಗುಂಡು ತಗಲಿ ಬೆನೆಟ್ ಸತ್ತನು. 1931ನೆಯ ಮಾರ್ಚಿನಲ್ಲಿ ವಿಚಾರಣೆ ಮುಗಿಯಿತು. ಮಿಸೂರಿ ಸಂಸ್ಥಾನದಿಂದ ಸೆನೆಟರಾಗಿದ್ದ ಜೇಮ್ಸ್ ರೀಡ್ ಆಕೆಯ ಪರವಾಗಿ ವಾದಿಸಿ, ಗುಂಡು ಹಾರಿದ್ದು ಆಕಸ್ಮಿಕವೆಂದರು. ಪಂಚಾಯತರು ಆಕೆ ನಿರಪರಾಧಿಯೆಂದು ತೀರ್ಪಿತ್ತರು.

ಇಷ್ಟು ನಡೆದದ್ದು. ಇನ್ನು ನಡೆಯದಿದ್ದುದರ ಚರಿತ್ರೆ.

ಮರುತಿಂಗಳು, 1929ರ ಅಕ್ಟೋಬರಿನಲ್ಲಿ, ಈಲೈ ಕಲ್ಬರ್ಟ್‌ಸನ್ ಎಂಬಾತನ ‘ಬ್ರಿಜ್ ವರ್ಲ್ಡ್’ ಎಂಬ ಮಾಸಪತ್ರಿಕೆ ಆರಂಭವಾಯಿತು. ಆತನು ರುಮೇನಿಯದಲ್ಲಿ ಹುಟ್ಟಿದ, ಅಸಾಧಾರಣ ಬುದ್ಧಿವಂತನಾದ, ಪ್ರಚಾರಕಲೆಯಲ್ಲಿ ಅದಕ್ಕಿಂತಲೂ ಅಸಾಧಾರಣನಾದ ಮನುಷ್ಯ. ಬೆನೆಟ್ಟನ ಸಾವು ಈತನ ಪಾಲಿಗೆ ಜಾಹೀರಾತಾಗಿ ಒದಗಿತು. ಆ ರಾತ್ರಿಯ ಕೈ ಇದೇ ಎಂದು ಒಂದು ಕೈ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಕಲ್ಬರ್ಟ್‌ಸನ್ ಅದನ್ನು ಶಾಸ್ತ್ರೀಯವಾಗಿ ವಿಮರ್ಶಿಸಿ, ದಂಪತಿಗಳು ತನ್ನ ಕೂಗಿನ ಪದ್ಧತಿಯನ್ನು ಅನುಸರಿಸಿದ್ದರೆ ಗಂಡನ ಪ್ರಾಣ ಉಳಿಯುತ್ತಿತ್ತೆಂಬ ಸಿದ್ಧಾಂತಕ್ಕೆ ಬಂದನು. ಯಾವ ಎಲೆಯನ್ನು ಯಾವಾಗ ಹಾಕಿದ್ದರೆ ಬೆನೆಟ್ ಗೆಲ್ಲಬಹುದಿತ್ತೆಂದು ಇಂದಿಗೂ ಪುಸ್ತಕಗಳಲ್ಲಿ ಚರ್ಚೆಯುಂಟು. ಆದರೆ ಆ ರಾತ್ರಿ ಐವತ್ತೆರಡು ಎಲೆಗಳ ಹಂಚಿಕೆಯನ್ನು ಬರೆದಿಟ್ಟವರು ಯಾರು? ಕಣ್ಣೆದುರಿಗೆ ಒಬ್ಬ ಮನುಷ್ಯ ಸತ್ತು ಬಿದ್ದಿರುವಾಗ ಕಳಾವರಿನ ಏಳು ಯಾರ ಕೈಯಲ್ಲಿತ್ತೆಂದು ನೆನಪಿಡುವವರು ಯಾರು? ಪ್ರಕಟವಾದ ಕೈ ಆಮೇಲೆ ಕಟ್ಟಿದ್ದೆಂದು ಆಟದ ಚರಿತ್ರೆಯನ್ನು ಬಲ್ಲವರು ಸಂಶಯಪಟ್ಟಿರುವರು. ಸಂಶಯಕ್ಕೆ ಕಾರಣ ಮೇಲ್ನೋಟಕ್ಕೇ ಇದೆ.

ಇದಕ್ಕಿಂತ ಹೆಚ್ಚು ಹರಡಿದ್ದು ಒಂದು ಮಾತು. ನ್ಯೂಯಾರ್ಕಿನ ವಿಮರ್ಶಕ ಅಲೆಕ್ಸಾಂಡರ್ ವುಲ್‌ಕಾಟ್ 1934ರಲ್ಲಿ ತನ್ನ ‘ವೈಲ್ ರೋಮ್ ಬರ್ನ್ಸ್’ ಎಂಬ ಪುಸ್ತಕದಲ್ಲಿ ಅದನ್ನು ತಾನು ಕೇಳಿದ ಕಥೆಯೆಂದು ಬರೆದನು. ಬಿಡುಗಡೆಯಾದ ಮೇಲೆ ಮಿರ್ಟಲ್ ಬೆನೆಟ್ ಮತ್ತೊಮ್ಮೆ ಬ್ರಿಜ್ ಆಡುತ್ತಿದ್ದಳಂತೆ. ಆಕೆಯ ಚರಿತ್ರೆಯನ್ನರಿಯದ ಜೊತೆಗಾರನೊಬ್ಬನು ಡಮ್ಮಿಯಾಗಿ ತನ್ನ ಕೆಟ್ಟ ಎಲೆಗಳನ್ನು ಬಿಚ್ಚಿಡುತ್ತ, ಇದನ್ನು ಕಂಡರೆ ನೀವು ನನ್ನನ್ನು ಗುಂಡಿಟ್ಟು ಕೊಲ್ಲಬೇಕೆನ್ನುವಿರೇನೋ ಎಂದನಂತೆ. ಆಕೆ ಮೂರ್ಛೆ ಹೋದಳಂತೆ. ಆ ಜೊತೆಗಾರ ಯಾರು, ಅದು ಯಾವ ಊರು, ಯಾವ ದಿನ? ಒಂದೂ ಇಲ್ಲ. ಹೆಸರಿಲ್ಲ, ಊರಿಲ್ಲ, ಸಾಕ್ಷಿಯಿಲ್ಲ, ಇರುವುದು ಚಾಟು ಮಾತ್ರ. ‘ಅಂತೆ’ಯಿಂದ ಆರಂಭವಾದ ಕಥೆ ಹತ್ತು ಬಾಯಿ ದಾಟುವುದರೊಳಗೆ ‘ಅಂತೆ’ಯನ್ನು ಕಳೆದುಕೊಂಡು ಚರಿತ್ರೆಯ ವೇಷ ಧರಿಸುತ್ತದೆ. ಬ್ರಿಜ್ ಮೇಜಿನ ಅಪಭಾಷಣಗಳಲ್ಲೆಲ್ಲ ಅತ್ಯಂತ ಪ್ರಸಿದ್ಧವಾದ ಈ ಮಾತನ್ನು ಯಾರಾದರೂ ಆಡಿದರೆಂಬುದಕ್ಕೆ ಪ್ರಮಾಣವೇ ಇಲ್ಲ.

ನಮ್ಮಲ್ಲಿ ಕೆಲವರು, ಕಥೆ ಸ್ವಾರಸ್ಯವಾಗಿದ್ದರೆ ಸಾಲದೆ, ಪ್ರಮಾಣವೇಕೆ ಎನ್ನುವರು. ಕಾಲಿನ್ಸ್ ಪಾದ್ರಿಯ ವಿಷಯದಲ್ಲಿ ಸಾಕು, ಅವನು ಕವಿಕಲ್ಪಿತ. ಈಕೆ ಹಾಗಲ್ಲ. ಕೆನ್ನೆಗೆ ಪೆಟ್ಟು ತಿಂದದ್ದು ನಿಜ, ಗಂಡ ಸತ್ತದ್ದು ನಿಜ, ಆಮೇಲೆ ಆಕೆ ಅರುವತ್ತು ವರ್ಷಕ್ಕೂ ಮಿಗಿಲಾಗಿ ಬದುಕಿದ್ದುದೂ ನಿಜ. ಆಕೆ ತೀರಿಕೊಂಡದ್ದು 1992ರಲ್ಲಿ. ಅಷ್ಟು ಕಾಲವೂ ಒಂದೊಂದು ಕ್ಲಬ್ಬಿನಲ್ಲಿಯೂ ಆಕೆಯ ಹೆಸರು ಹೇಳಿ ಜನ ನಗುತ್ತಿದ್ದರು. ಹೊಡೆದ ಗಂಡನ ಪ್ರಸ್ತಾಪ ಆ ನಗುವಿನಲ್ಲಿ ಹೆಚ್ಚಾಗಿ ಬರುವುದಿಲ್ಲ. ತಪ್ಪಾದ ಕೂಗಿನ ಪ್ರಸ್ತಾಪ ಬರುತ್ತದೆ.

ಕಲ್ಬರ್ಟ್‌ಸನ್ನನ ವಿಷಯಕ್ಕೆ ಮರಳೋಣ. 1930ರಲ್ಲಿ ಆತನ ‘ಬ್ಲೂ ಬುಕ್’ ಬಂದಿತು. ಪ್ರತಿಸ್ಪರ್ಧಿಗಳಾದ ಆಚಾರ್ಯರು ಒಟ್ಟುಗೂಡಿ ಬೇರೊಂದು ಪದ್ಧತಿಯನ್ನು ಸಾರಿದರು. ವಾದವನ್ನು ಮೇಜಿನ ಮೇಲೆಯೇ ತೀರಿಸೋಣವೆಂದು ಆತನು ಸಿಡ್ನಿ ಲೆನ್ಸ್ ಎಂಬ ಹಿರಿಯ ಆಟಗಾರರನ್ನು ಪಂಥಕ್ಕೆ ಕರೆದನು. 1931ನೆಯ ಡಿಸೆಂಬರ್ 7ರಂದು ನ್ಯೂಯಾರ್ಕಿನ ಚಾಥಮ್ ಹೋಟೆಲಿನಲ್ಲಿ ಆರಂಭವಾದ ಈ ಕಾಳಗ 1932ನೆಯ ಜನವರಿ 8ರವರೆಗೆ, 150 ರಬ್ಬರುಗಳ ಕಾಲ ನಡೆಯಿತು. ಕಲ್ಬರ್ಟ್‌ಸನ್ನನಿಗೆ ಬಹುಮಟ್ಟಿಗೆ ಆತನ ಹೆಂಡತಿ ಜೋಸೆಫೀನಳೇ ಜೊತೆ. ಮಧ್ಯಸ್ಥರಾಗಿದ್ದವರು ಆಲ್ಫ್ರೆಡ್ ಗ್ರೂಂಥರ್ ಎಂಬ ಸೈನ್ಯದ ಲೆಫ್ಟಿನೆಂಟ್. ಮುಂದೆ ಇವರೇ ಜನರಲ್ಲಾಗಿ 1953ರಿಂದ 1956ರವರೆಗೆ ನ್ಯಾಟೋ ಪಡೆಗಳ ಮಹಾದಂಡನಾಯಕರಾದರು. ಬ್ರಿಜ್ ಆಟಗಾರರ ಜಗಳವನ್ನು ತೀರಿಸಿದವರಿಗೆ ಹದಿನೈದು ರಾಷ್ಟ್ರಗಳ ಜಗಳ ಎಷ್ಟರದು!

ಕಲ್ಬರ್ಟ್‌ಸನ್ ಹೊತ್ತುಮೀರಿ ಬಂದು ಆಟದ ಮೇಜಿನಲ್ಲಿಯೇ ಊಟ ತರಿಸಿಕೊಳ್ಳುತ್ತಿದ್ದನೆಂದೂ, ಎಲೆಗಳಿಗೆಲ್ಲ ಜಿಡ್ಡು ಹತ್ತಿತೆಂದು ಲೆನ್ಸ್ ಗೊಣಗಿದರೆಂದೂ, ಅಭಿಮಾನಿಗಳ ಕಾಟದಲ್ಲಿ ತನಗೆ ಉಣ್ಣಲು ಬೇರೆ ಸಮಯವೆಲ್ಲಿಯದೆಂದು ಆತನು ಉತ್ತರ ಕೊಟ್ಟನೆಂದೂ ಪ್ರತೀತಿ. ಅದಿರಲಿ, ನಿಜವಾದ ಕದನ ಎದುರಾಳಿಗಳ ನಡುವೆ ನಡೆಯಲಿಲ್ಲ, ಜೊತೆಗಾರರ ನಡುವೆ ನಡೆಯಿತು. ಲೆನ್ಸ್ ಅವರ ಜೊತೆಗಾರ ಆಸ್ವಾಲ್ಡ್ ಜೇಕಬಿ ಎಂಬ ತರುಣ ಗಣಿತಜ್ಞ. ಒಬ್ಬರ ಆಟವನ್ನೊಬ್ಬರು ಎಲ್ಲರೆದುರಿಗೆ ಟೀಕಿಸುತ್ತ ಟೀಕಿಸುತ್ತ, 103ನೆಯ ರಬ್ಬರು ಮುಗಿದೊಡನೆ ಜೇಕಬಿ ಪಂದ್ಯವನ್ನೇ ಬಿಟ್ಟೆದ್ದರು. ಉಳಿದ ಆಟಕ್ಕೆ ನೌಕಾದಳದ ಅಧಿಕಾರಿಯೊಬ್ಬರನ್ನು ಜೊತೆ ಮಾಡಿಕೊಂಡು ಲೆನ್ಸ್ 8,980 ಪಾಯಿಂಟುಗಳಿಂದ ಸೋತರು. 150 ರಬ್ಬರುಗಳಲ್ಲಿ ಇದು ದೊಡ್ಡ ಅಂತರವೇನೂ ಅಲ್ಲ. ಆದರೆ ಕಲ್ಬರ್ಟ್‌ಸನ್ನನ ಪುಸ್ತಕಗಳಿಗೆ ಅಷ್ಟೇ ಸಾಕಾಯಿತು. ಗಂಡಹೆಂಡಿರು ಮೇಜಿನಲ್ಲಿ ಹೇಗೆ ಸಾಮರಸ್ಯದಿಂದಿರಬೇಕೆಂಬುದಕ್ಕೆ ನಿದರ್ಶನವೆಂದು ಪತ್ರಿಕೆಗಳು ಹೊಗಳಿದ ಆ ದಂಪತಿಗಳು 1938ರಲ್ಲಿ ವಿವಾಹವಿಚ್ಛೇದನ ಪಡೆದರು.

ಜೊತೆಗಾರನೊಡನೆ ಬಾಳುವುದು ಹೇಗೆಂಬುದನ್ನು ವಿನೋದದಿಂದಲೂ ವಿವೇಕದಿಂದಲೂ ಬರೆದವರಲ್ಲಿ ಎಸ್. ಜೆ. ಸೈಮನ್ ಅಗ್ರಗಣ್ಯರು. 1904ರಲ್ಲಿ ಮಂಚೂರಿಯದ ಹಾರ್ಬಿನ್ ನಗರದಲ್ಲಿ ರಷ್ಯದ ಮನೆತನದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ ಇವರು ಹಾಸ್ಯ ಕಾದಂಬರಿಕಾರರೂ ಹೌದು. ನೀವು ಬ್ರಿಜ್ಜಿನಲ್ಲಿ ಸೋಲುವುದೇಕೆಂಬುದನ್ನು ಕುರಿತ ಇವರ ಪುಸ್ತಕ 1945ರಲ್ಲಿ ಬಂದಿತು. ಅದರಲ್ಲಿ ನಾಲ್ಕು ಪಾತ್ರಗಳು: ಎಲ್ಲವನ್ನೂ ಬಲ್ಲ, ಆದರೆ ಯಾವಾಗಲೂ ಸೋಲುವ ದುರದೃಷ್ಟ ಪಂಡಿತ; ಸಂಭಾವಿತ ಸ್ವಮೆಚ್ಚುಗೆಯ ಮಿಸ್ಟರ್ ಸ್ಮಗ್; ಶಾಸ್ತ್ರವನ್ನು ಅರ್ಧ ಓದಿ ಅನುಪಯುಕ್ತವಾಗಿ ಹೊಂಚುವ ವಿಲ್ಲಿ; ಮತ್ತು ಎಲ್ಲಕ್ಕೂ ಹೆದರುವ ಮಿಸೆಸ್ ಗುಗ್ಗನ್‌ಹೈಮ್. ಈಕೆಯ ಅಜ್ಞಾನವನ್ನು ಸೈಮನ್ ನಗುವರು, ಹಳಿಯುವುದಿಲ್ಲ. ದುರದೃಷ್ಟ ಪಂಡಿತನು ಕೂಗುವ ಕೂಗು ಶಾಸ್ತ್ರಶುದ್ಧ. ಎದುರಿಗೆ ಕುಳಿತ ಆಕೆಗೆ ಅದು ಅರ್ಥವಾಗದು. ಆಕೆ ಕಂಗೆಟ್ಟು ತಪ್ಪುವಳು. ಇವನು ಹಣೆ ಬಡಿದುಕೊಳ್ಳುವನು. ತಪ್ಪು ಯಾರದು? ಅವಳಿಂದ ಆಗುವುದೆಷ್ಟೆಂದು ತಿಳಿದೂ ಆಗದುದನ್ನು ಕೇಳಿದವನದೇ ಎಂದು ಸೈಮನ್ನರ ನಿರ್ಣಯ. ಕೇಳುವವನ ಅಧಿಕಾರವನ್ನು ನೋಡಿ ಉಪದೇಶಿಸಬೇಕೆಂದು ನಮ್ಮವರು ವೇದಾಂತದಲ್ಲಿ ಹೇಳಿದುದನ್ನು ಇವರು ಇಸ್ಪೀಟಿನಲ್ಲಿ ಹೇಳಿದರು. ಪುಸ್ತಕ ಬಂದ ಮೂರೇ ವರ್ಷಕ್ಕೆ, 1948ರಲ್ಲಿ, ಇವರು ತೀರಿಕೊಂಡರು.

ಇವರ ದಾರಿಯನ್ನೇ ಹಿಡಿದು, ಇವರಿಗಿಂತ ವಿಚಿತ್ರವಾದ ಲೋಕವನ್ನು ಸೃಷ್ಟಿಸಿದವರು ವಿಕ್ಟರ್ ಮೋಲೋ. ಇವರೂ ರಷ್ಯದವರೇ, 1909ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಜನಿಸಿ ಲಂಡನ್ನಿನಲ್ಲಿ ಬಾಳಿದವರು. 1965ರ ‘ಬ್ರಿಜ್ ಇನ್ ದಿ ಮೆನಾಜರಿ’ಯಲ್ಲಿ ಆಟಗಾರರೆಲ್ಲ ಪ್ರಾಣಿಗಳು. ವಿಷ್ಣುಶರ್ಮನು ಸಿಂಹ ನರಿಗಳಿಂದ ರಾಜನೀತಿಯನ್ನು ಹೇಳಿಸಿದಂತೆ ಇವರು ಹಂದಿ ಮೊಲಗಳಿಂದ ಬ್ರಿಜ್ ನೀತಿಯನ್ನು ಹೇಳಿಸಿದ್ದಾರೆ. ವಿಕಾರ ಹಂದಿಯು ಮಹಾ ಆಟಗಾರ. ಜಂಬಗಾರ, ಹೊಟ್ಟೆಬಾಕ, ಜೊತೆಗಾರನಿಗೆ ಆಡಲು ಬಿಟ್ಟರೆ ಕೈ ಕೆಡುವುದೆಂದು ಎಲ್ಲ ಕೈಗಳನ್ನೂ ತಾನೇ ಆಡುವನು. ವಾಲ್ರಸ್ಸನಿಗೆ ರಾಜರಾಣಿಗಳ ಪಾಯಿಂಟು ಎಣಿಸುವುದೊಂದೇ ಧರ್ಮ. ಪಾಯಿಂಟು ಸರಿಯಾಗಿದ್ದರೆ ಸೋತರೂ ಸಂತೋಷ, ಕಡಮೆಯಿದ್ದು ಎದುರಾಳಿ ಗೆದ್ದರೆ ಅನ್ಯಾಯವೆಂಬ ಸಂಕಟ. ಸೆಕ್ರೆಟರಿ ಪಕ್ಷಿಗೆ ನಿಯಮಗಳೇ ಪರಮ ಪುರುಷಾರ್ಥ. ಎದುರಾಳಿ ಕೈತಪ್ಪಿದಾಗಲೆಲ್ಲ ಕಾನೂನನ್ನು ಹಿಡಿದು ದಂಡ ಹೇರುವನು, ಆ ದಂಡವೇ ಏನೋ ಒಂದು ಬಗೆಯಿಂದ ತಿರುಗಿ ತನ್ನ ತಲೆಯ ಮೇಲೆ ಬೀಳುವುದು. ಎಲ್ಲರಿಗಿಂತಲೂ ಪ್ರೀತಿಪಾತ್ರನಾದವನು ಮರುಗುವ ಮೊಲ. ಅವನು ಕಳಾವರವೆಂದು ಇಸ್ಪೀಟನ್ನು ಹಾಕುವನು, ಕನ್ನಡಕ ಮರೆತು ಆಟೀನನ್ನು ಡೈಮನ್ನುಗಳ ನಡುವೆ ಸಿಕ್ಕಿಸಿಕೊಳ್ಳುವನು. ಇದು ಶುದ್ಧ ಕರಣಾಪಾಟವ. ಆದರೆ ಯಾವುದೋ ದೇವತೆ ಅವನನ್ನು ಕಾಯುವುದು. ತಪ್ಪಾಗಿ ಬಿದ್ದ ಎಲೆಯೇ ಪಂಡಿತರಾರಿಗೂ ಹೊಳೆಯದ ಬ್ರಹ್ಮಾಸ್ತ್ರವಾಗಿ ಪರಿಣಮಿಸುವುದು. ಆಗಲೂ ಅವನು ತನ್ನ ತಪ್ಪಿಗಾಗಿ ಕ್ಷಮೆ ಬೇಡುತ್ತಲೇ ಇರುವನು.

ಆಟದ ಕಾನೂನೂ ಮಾನವಸ್ವಭಾವವನ್ನು ಅರಿತುಕೊಂಡಿದೆಯೆಂಬುದಕ್ಕೆ ಒಂದು ಸಣ್ಣ ಸಂಗತಿ. ಹಾಕಬೇಕಾದ ಜಾತಿಯ ಎಲೆ ಕೈಯಲ್ಲಿರುವಾಗ ಬೇರೆಯದನ್ನು ಹಾಕುವುದು ‘ರಿವೋಕ್’ ಎಂಬ ಅಪರಾಧ, ಅದಕ್ಕೆ ದಂಡವುಂಟು. ಆದಕಾರಣ ಡಮ್ಮಿಯಾಗಿ ಬಾಯಿ ಮುಚ್ಚಿ ಕುಳಿತವನಿಗೂ ಒಂದು ಪ್ರಶ್ನೆಯ ಹಕ್ಕನ್ನು ಕೊಟ್ಟಿದ್ದಾರೆ: ಆಡುತ್ತಿರುವ ಜೊತೆಗಾರ ಜಾತಿಗೆ ಎಲೆ ಕೊಡದಿದ್ದಾಗ ‘ನಿಮ್ಮಲ್ಲಿ ಅದು ಇಲ್ಲವೇ?’ ಎಂದು ಕೇಳಬಹುದು. ಮೂಕನಿಗೆ ಸಿಕ್ಕ ವಾಕ್ಯ ಒಂದು. ಅದನ್ನು ಎಷ್ಟು ಬಗೆಯ ರಾಗದಲ್ಲಿ ಹೇಳಬಹುದೆಂಬುದನ್ನು ಆಡುವವರೇ ಬಲ್ಲರು.

ವಿಪ್ರಲಿಪ್ಸೆಯ ವಿಷಯದಲ್ಲಿ ನಗುವಿಗೆ ಅವಕಾಶ ಕಡಮೆ. 1975ರಲ್ಲಿ ಬರ್ಮುಡಾ ದ್ವೀಪದಲ್ಲಿ ನಡೆದ ಲೋಕ ಚಾಂಪಿಯನ್‌ಷಿಪ್ಪಿನಲ್ಲಿ ಜೊತೆಗಾರರು ಒಬ್ಬರ ಮುಖ ಒಬ್ಬರು ಕಾಣದಂತೆ ಮೇಜಿನ ಮೇಲೆ ಅಡ್ಡತೆರೆಯನ್ನು ಕಟ್ಟಿದರು. ಮುಖ ಮರೆಯಾಯಿತು, ಕಾಲು ಉಳಿಯಿತು. ಇಟಲಿಯ ಇಬ್ಬರು ಆಟಗಾರರ ಪಾದಗಳು ಮೇಜಿನ ಕೆಳಗೆ ಅನುಚಿತವಾಗಿ ಚಲಿಸಿದುವೆಂದು ಅಧಿಕಾರಿಗಳು ಅವರಿಗೆ ಛೀಮಾರಿ ಹಾಕಿದರು. ಮೇಜಿನ ಕೆಳಗೂ ಅಡ್ಡಿಯನ್ನಿಡಬೇಕಾಯಿತು.

ಅದೇ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯ ಇಟಲಿಗೂ ಉತ್ತರ ಅಮೆರಿಕಕ್ಕೂ ನಡೆಯಿತು. ಮುಗಿಯಲು ನಾಲ್ಕಾರು ಕೈಗಳಿರುವಾಗ, 92ನೆಯ ಕೈಯಲ್ಲಿ, ಇಟಲಿಯ ಬೆಲ್ಲಾಡೊನ್ನ ಮತ್ತು ಗರೋಟ್ಸೊ ಏಳು ಕಳಾವರಿಗೆ ಏರಿದರು. ಎಂದರೆ ಹದಿಮೂರು ಟ್ರಿಕ್ಕುಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ತುರುಪಿನ ರಾಜನೂ ಹತ್ತೂ ಅವರಲ್ಲಿರಲಿಲ್ಲ. ಲೋಕದಲ್ಲಿ ಅವರಿಗಿಂತ ಮೇಲಾದ ಜೋಡಿ ಆಗ ವಿರಳ. ಅಂಥವರ ಕೂಗು ಇಷ್ಟೆತ್ತರಕ್ಕೆ ಹೋಗಬಾರದಾಗಿತ್ತು. ಎದುರಾಳಿ ಎಡ್ಡಿ ಕ್ಯಾಂಟರ್ ತನ್ನ ಕೈಯಲ್ಲಿ ಕಳಾವರಿನ ರಾಜನನ್ನು ಹಿಡಿದುಕೊಂಡು, ಗೆದ್ದೆವೆಂದೇ ತಿಳಿದಿರಬೇಕು. ಆದರೆ ಆತನ ರಾಜನ ಜೊತೆಗಿದ್ದ ಕಳಾವರು ಹತ್ತು ಒಂದೇ, ಅದೂ ಡಮ್ಮಿಯ ಎಕ್ಕ ರಾಣಿಗಳ ಮುಂದೆಯೇ. ಬೆಲ್ಲಾಡೊನ್ನ ಕಳಾವರನ್ನು ಆಡಿದನು. ಕ್ಯಾಂಟರಿನಿಂದ ಹತ್ತು ಬಿತ್ತು, ಡಮ್ಮಿಯಿಂದ ರಾಣಿ ಗೆದ್ದಳು, ಎಕ್ಕವನ್ನು ಆಡಿದೊಡನೆ ರಾಜ ತಾನಾಗಿ ಬಿದ್ದನು. ಇಟಲಿ 26 ಅಂಕಗಳಿಂದ ಪ್ರಶಸ್ತಿಯನ್ನು ಗೆದ್ದಿತು. ಆ ರಾಜನು ಇನ್ನೊಂದು ಬದಿಯಲ್ಲಿ ಕುಳಿತಿದ್ದರೆ ಪ್ರಶಸ್ತಿ ಅಮೆರಿಕಕ್ಕೆ ಹೋಗುತ್ತಿತ್ತು, ಬೆಲ್ಲಾಡೊನ್ನ ಗರೋಟ್ಸೊಗಳ ಕೂಗನ್ನು ಇಂದು ಪ್ರಮಾದಗಳ ಪಟ್ಟಿಯಲ್ಲಿ ಮೊದಲು ಬರೆಯುತ್ತಿದ್ದರು.